ನೂರಾಪಾ ಕತ್ತರಿ ಹಾಕಗೊಡದ ರೀಲು

ನೂರಾಪಾ ಬಗ್ಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ, ನಾನೇ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರ್ ಎಂದರೆ ಸನ್ಮಾನಪತ್ರ ಬರೆದುಕೊಡುವುದಕ್ಕೇ ಹುಟ್ಟಿದವಳು ಎಂದು ಜನ ತಿಳಿದುಕೊಂಡಿದ್ದಾರೆ. ಇಪ್ಪತ್ತು ವರ್ಷಗಳಲ್ಲಿ ಎಷ್ಟು ಮಂದಿಯನ್ನು 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಹೊಗಳಿ ಬರೆದಿದ್ದೇನೋ, ದೇವರೇ ಬಲ್ಲ. ಅವರಲ್ಲಿ ಅರ್ಧ ಮಂದಿಯ ಮುಖ ಕಂಡರೆ ನನಗಾಗುವುದಿಲ್ಲ. ನೂರಾಪಾಗೂ ಒಂದು ಬರೆದುಕೊಟ್ಟಿದ್ದೆ. ಆ ಪತ್ರದ ಒಂದೊಂದು ಸಾಲಿಗೂ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದಕ್ಕೇ ಇದು.

ಆಕೆಯ ಹೆಸರು ನೂರಜಹಾನ್, ವಯಸ್ಸು ಐವತ್ತಮೂರು. ಸ್ಟೇಶನ್ ಬಜಾರದಲ್ಲಿ ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಆಕೆಯ ಫೋಟೋ ಸ್ಟುಡಿಯೋ ಇದೆ. ತಂದೆ ಗುಲಾಮ್ ರಸೂಲ್ ಸಾಹೇಬರು ನನ್ನ ಅಜ್ಜನ ಕಾಲದಲ್ಲಿ ಅಲ್ಲಿಗೆ ಬಾಡಿಗೆಗೆ ಬಂದವರು. ಮೇಲೆ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ವೈಷ್ಣವರಾದ ನಾವು, ಕೆಳಗೆ ದಖ್ನಿ ಮಾತಾಡುವ ಅವರು. ನಾನು ಮಾತು ಕಲಿತಾಗಿನಿಂದ ಆಕೆ ನನಗೆ ನೂರಾಪಾ, ಆಪಾ ಎಂದರೆ ಅಕ್ಕ. ನಲವತ್ತು ದಾಟಿದರೂ ಆಕೆಗೆ ನಾನಿನ್ನೂ ಮಂಜೂ. ಪೂರ್ತಿ ಮಂಜುಷಾ ಎಂದು ಕರೆದರೆ ಸಿಟ್ಟು ಬಂದಿದೆ ಎಂದು ಅರ್ಥ.

ಸ್ಟುಡಿಯೋದ ಹಿಂಗೋಡೆಗೆ ಗುಲಾಮ್ ರಸೂಲ್ ಸಾಹೇಬರು ತಮ್ಮ ಕೈಯಾರೆ ಬರೆದ ಪರದೆಯೊಂದು ತೂಗುತ್ತಿತ್ತು. ಮೂರು ಅಂತಸ್ತಿನ ಕಾರಂಜಿ, ಎಡಬಲಕ್ಕೆ ಹಂಸ, ಹಿಂದೆ ಎಲ್ಲಿಯದೋ ಅರಮನೆ. ನೀರಿಗೆ ಬಳಿದದ್ದು ಬಾಗಿಲಿಗೆ ಹಚ್ಚುವ ಬಿಳಿ ಬಣ್ಣ. ನೆಹರು ಗಂಜಿನ ಮಾರುಕಟ್ಟೆಗೆ ತೊಗರಿ ತಂದವರು, ಕಮಲಾಪುರದಿಂದ ಕೆಂಪು ಬಾಳೆಯ ಗೊನೆ ಇಳಿಸಲು ಬಂದವರು, ಹೊಸ ಗಂಡ ಹೆಂಡತಿ, ಎಲ್ಲರೂ ಆ ಕಾರಂಜಿಯ ಮುಂದೆಯೇ ನಿಲ್ಲಬೇಕು. ಒಮ್ಮೆ ಹಳ್ಳಿಯ ಮದುವಣಗಿತ್ತಿಯೊಬ್ಬಳು ಬಣ್ಣದ ನೀರಿನ ಕೆಳಗೆ ಅಂಗೈ ಚಾಚಿ ಫೋಟೋ ತೆಗೆಸಿಕೊಂಡಳಂತೆ. ಫೋಟೋ ಮುಗಿದ ಮೇಲೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳಂತೆ. ಎಂಟು ವರ್ಷದ ನೂರಾಪಾ ಮೂಲೆಯಲ್ಲಿ ನಿಂತು ಅದನ್ನು ನೋಡಿದಳು. ನೀರಿನ ಹುಚ್ಚು ಹಿಡಿದದ್ದು ಅವತ್ತೇ ಎಂದು ಆಕೆ ಹೇಳುತ್ತಾಳೆ. ಬಳಿದ ನೀರಿಗೇ ಹೀಗಾದರೆ ಹರಿಯುವ ನೀರನ್ನು ಹಿಡಿದರೆ ಹೇಗಿರಬೇಡ ಎಂದು.

ಹಿಡಿದಳು ಕೂಡ. ಅಪ್ಪನ ರೀಲ್ ಕ್ಯಾಮೆರಾ ತೆಗೆದುಕೊಂಡು ಊರಿನಲ್ಲಿ ನೀರು ಎಲ್ಲಿ ಅಲ್ಲಾಡಿದರೂ ಅಲ್ಲಿಗೆ ಓಡಿದಳು. ಉದ್ಯಾನದ ಕಾರಂಜಿ, ಶಾದಿ ಮಹಲಿನ ಬಣ್ಣದ ದೀಪದ ಕಾರಂಜಿ, ಗಂಜಿನ ಹಿಂದೆ ಒಡೆದ ಪೈಪು, ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತ ಸೋರಿಕೊಂಡು ಹೋಗುವ ಟ್ಯಾಂಕರು. ಕಾರಂಜಿಯ ಕಟ್ಟೆಯ ಮೇಲೆ ಬುರ್ಖಾ ಎತ್ತಿಕಟ್ಟಿ ಮಂಡಿಯೂರಿ ಕೂತ ಹುಡುಗಿಯನ್ನು ನೋಡಿ ಜನ ನಕ್ಕರು. ಆಕೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೆಣ್ಣು ನೋಡಲು ಬಂದವರು ಮೂರು ಸಲವೂ ಒಂದೇ ಮಾತು ಹೇಳಿದರು, ಹುಡುಗಿ ಚೆಂದ ಇದ್ದಾಳೆ, ಕ್ಯಾಮೆರಾ ಬಿಡಬೇಕು ಎಂದು. ಮೂರನೆಯವರಿಗೆ ಆಕೆಯೇ ಚಹಾದ ಕಪ್ಪು ಎತ್ತಿಕೊಂಡು ಹೋಗುತ್ತ, ಕ್ಯಾಮೆರಾ ಇಲ್ಲೇ ಇರ್ತದ, ನೀವೇ ಎದ್ದೇಳ್ರಿ ಎಂದಳಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ಹೊಟ್ಟೆಪಾಡಿಗೆ ಮದುವೆಗಳಿದ್ದವು. ಮುಸ್ಲಿಮರ ಮದುವೆಯಲ್ಲಿ ಹೆಣ್ಣುಮಕ್ಕಳ ಕಡೆಗೆ ಗಂಡು ಫೋಟೋಗ್ರಾಫರು ಕಾಲಿಡುವಂತಿಲ್ಲ, ಅಲ್ಲಿ ನೂರಾಪಾಳದೇ ರಾಜ್ಯ. ಆ ಕೆಲಸಕ್ಕೆ ಅಪ್ಪ ಒಂದು ನೇಮ ಹಾಕಿಕೊಟ್ಟಿದ್ದರು. ಎರಡೂ ಕಡೆಯವರು ಆಲ್ಬಮ್ ಒಪ್ಪಿಕೊಳ್ಳುವವರೆಗೆ ರೀಲಿಗೆ ಕತ್ತರಿ ಹಾಕಬಾರದು. ಮೂವತ್ತಾರು ಫೋಟೋದ ನೆಗೆಟಿವ್ ಒಂದೇ ಉದ್ದನೆಯ ಪಟ್ಟಿಯಾಗಿ ಇರಬೇಕು. ಏಕೆಂದರೆ ಮದುವೆ ಮುಗಿದ ಮೇಲೆ ಜಗಳ ಇದ್ದದ್ದೇ. ನಮ್ಮ ಮಾಮಾ ಬರುವ ಮೊದಲೇ ನಿಕಾಹ್ ಓದಿಸಿಬಿಟ್ಟಿರಿ ಎಂದು ಒಬ್ಬರು, ಇಲ್ಲ, ಅವರೇ ತಡಮಾಡಿ ಬಂದರು ಎಂದು ಇನ್ನೊಬ್ಬರು. ಆಗ ಸಾಹೇಬರು ರೀಲನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಅಂಚಿನ ನಂಬರನ್ನು ಕಂಪನಿಯವರೇ ಹಾಕಿರುತ್ತಾರೆ, ಹಿಂದು ಮುಂದು ಮಾಡಲು ಬರುವುದಿಲ್ಲ. ಹನ್ನೊಂದರಲ್ಲಿ ಮಾಮಾ ಕುರ್ಚಿಯಲ್ಲಿ ಇದ್ದಾರೆ, ಹದಿನಾಲ್ಕರಲ್ಲಿ ಖಾಜಿ ಸಾಹೇಬರು ಓದುತ್ತಿದ್ದಾರೆ. ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು. ಕಾಲ ಬದಲಾಗಿ ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ನೂರಾಪಾ ಅಪ್ಪನ ಕ್ಯಾಮೆರಾವನ್ನು ಒರೆಸಿ, ಎಣ್ಣೆ ಬಿಟ್ಟು, ಕಪಾಟಿನಲ್ಲಿ ಇಟ್ಟುಕೊಂಡಿದ್ದಳು.

ಇನ್ನು ಕಮಲಾಪುರದ ಕಾರಂಜಿಗೆ ಬರುತ್ತೇನೆ. ಕಮಲಾಪುರ ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲಿ ಒಂದು ಸರ್ಕಲ್ಲು, ಸರ್ಕಲ್ಲಿನಲ್ಲಿ ಒಂದು ಕಾರಂಜಿ ಆಯಿತು. ಯಾವ ಕಚೇರಿ ಮಾಡಿಸಿತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನಗೆ ನೋಟಿಸು ಬರುತ್ತದೆ. ಕಾರಂಜಿಗೆ ವರ್ಷ ತುಂಬಿದಾಗ ಕಚೇರಿಯ ಗೋಡೆಗೆ ಒಂದು ದೊಡ್ಡ ಫೋಟೋ ಬೇಕು ಎಂದು ನೂರಾಪಾಗೆ ಹೇಳಿ ಕಳಿಸಿದರು. ಆಕೆಯ ತಂಗಿ ಸಕೀನಾಳನ್ನು ಕೊಟ್ಟದ್ದು ಅದೇ ಊರಿಗೆ. ಸರ್ಕಲ್ಲಿನಿಂದ ಇನ್ನೂರು ಹೆಜ್ಜೆಯಲ್ಲಿರುವ ಹುಣಸೆಗಿಡದ ಓಣಿಯಲ್ಲಿ ಅವಳ ಮನೆ. ನೂರಾಪಾ ಬಸ್ಸು ಹತ್ತಿ ಹೋದಳು, ಸಂಜೆಯೆಲ್ಲ ಕಾರಂಜಿಯ ಮುಂದೆ ಕೂತಳು, ರಾತ್ರಿ ತಂಗಿಯ ಮನೆಯಲ್ಲಿ ಉಳಿದು ಮರುದಿನ ಬಂದು ನನಗೆ ಫೋಟೋ ತೋರಿಸಿದಳು.

ನೀರು ಎದ್ದು ನಿಂತು ಹಾಲಿನ ಪರದೆಯಂತೆ ಇಳಿಯುತ್ತಿತ್ತು. ನೀರು ಬಾಳ ಕಮ್ಮಿ ಇತ್ತು, ಬೆರಳಿನಷ್ಟು ದಪ್ಪ, ನಾನೇ ಜಾಸ್ತಿ ಮಾಡೀನಿ ಎಂದು ಆಕೆ ಬೀಗಿದಳು. ಕ್ಯಾಮೆರಾದ ಬಾಯನ್ನು ಒಂದು ಸೆಕೆಂಡಿನಷ್ಟು ಹೊತ್ತು ತೆರೆದಿಟ್ಟರೆ ಬೀಳುವ ಹನಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಧಾರೆಯಾಗಿ, ಧಾರೆಗಳು ಕೂಡಿ ಪರದೆಯಾಗಿ ಕಾಣುತ್ತವಂತೆ. ಕಚೇರಿಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದರು. ಸಮಾರಂಭ ಮಾಡಿ ನೂರಾಪಾಗೆ ಹಾರ, ಹಣ್ಣಿನ ಬುಟ್ಟಿ, ಕಂದು ಬಣ್ಣದ ಉಣ್ಣೆ ಶಾಲು ಕೊಟ್ಟರು. ಸನ್ಮಾನಪತ್ರ ನನ್ನದೇ. 'ಕ್ಷೀರಧಾರೆಯಂತೆ ಉಕ್ಕುವ ಕಮಲಾಪುರದ ಜಲಸಮೃದ್ಧಿ' ಎಂದು ಬರೆದಿದ್ದೆ. ವೇದಿಕೆಯ ಮೇಲೆ ಅದನ್ನು ಓದಿದವಳೂ ನಾನೇ. ಚಪ್ಪಾಳೆ ಜೋರಾಗಿತ್ತು.

ಸಮಾರಂಭ ಮುಗಿಸಿ ನಾವಿಬ್ಬರೂ ಸಕೀನಾಳ ಮನೆಗೆ ಹೋದೆವು. ಅವಳು ಶಾಲನ್ನು ಮುಟ್ಟಿ ನೋಡಿ, ಮಡಿಸಿ ಕೊಟ್ಟಳು. ಆಮೇಲೆ, ನಾನೂ ಇದ್ದೆನೆಂದು ಕನ್ನಡದಲ್ಲೇ, ಒಂದೊಂದೇ ಮಾತು ಹೇಳಿದಳು.

"ಆಪಾ, ನೀ ಫೋಟೋ ತಗದಿದ್ದಿ ನೋಡು, ಅವತ್ತ ಸಂಜೀಕ ನಾ ಕೊಡಾ ಹೊತ್ಕೊಂಡು ಊರಾಚಿನ ಬೋರಿಗಿ ಹೋಗಿದ್ದೆ. ಆ ಫವಾರಾ, ಕಾರಂಜಿ, ಬಿಟ್ರ ನಮ್ಮ ನಳಾ ಬಂದ್ ಆಗ್ತದ. ನೀ ತಿರುಗಿ ಬಂದು ಎರಡು ಚೊಂಬು ನೀರಾಗ ಕಾಲ ತೊಳಕೊಂಡಿ. ನಿನಗ ಹ್ಯಾಂಗ ಹೇಳ್ಲಿ?"

ನೂರಾಪಾ ಶಾಲನ್ನು ಚೀಲಕ್ಕೆ ತುರುಕಿದಳು. ನಾನು ನನ್ನ ಕಾಲನ್ನು ನೋಡಿಕೊಂಡೆ, ಒಳಗೆ ಬರುವಾಗ ನಾನೂ ತೊಳೆದುಕೊಂಡಿದ್ದೆ. ಸಕೀನಾ ಹೇಳಿದ್ದರಲ್ಲಿ ಗುಟ್ಟೇನೂ ಇರಲಿಲ್ಲ, ಓಣಿಗೆಲ್ಲ ಗೊತ್ತಿತ್ತು. ಕಾರಂಜಿಯಲ್ಲಿ ಬಿದ್ದ ನೀರನ್ನೇ ತಿರುಗಿ ಮೇಲೆತ್ತಲು ಒಂದು ಮೋಟರು ಇತ್ತು, ಅದು ಶುರುವಾದ ಮೂರನೇ ವಾರವೇ ಸುಟ್ಟುಹೋಯಿತು. ಅದನ್ನು ರಿಪೇರಿ ಮಾಡಿಸುವ ಬದಲು ಓಣಿಗೆ ಹೋಗುವ ಕುಡಿಯುವ ನೀರಿನ ಪೈಪಿಗೇ ಕಾರಂಜಿಯನ್ನು ಜೋಡಿಸಿಬಿಟ್ಟಿದ್ದರು. ಓಣಿ ಸ್ವಲ್ಪ ಎತ್ತರದಲ್ಲಿದೆ. ಮೂರು ದಿನಕ್ಕೊಮ್ಮೆ ಸಂಜೆ ಎರಡು ತಾಸು ನೀರು ಬಿಡುತ್ತಾರೆ, ಅದೇ ಹೊತ್ತಿಗೆ ಕಾರಂಜಿಯೂ ಒಂದು ತಾಸಿಗೂ ಹೆಚ್ಚು ಕುಣಿಯಬೇಕು. ಅದು ನಿಲ್ಲುವವರೆಗೆ ನಲವತ್ತು ಮನೆಯವರು ಒಣ ನಳದ ಮುಂದೆ ಕೊಡ ಸಾಲಿಟ್ಟು ಸರ್ಕಲ್ಲಿನ ಕಡೆ ನೋಡುತ್ತ ನಿಲ್ಲಬೇಕು. ಎರಡು ಸಲ ಅರ್ಜಿ ಕೊಟ್ಟಿದ್ದರು, ಎರಡೂ ಕಡತದಲ್ಲಿ ಮಲಗಿದ್ದವು.

ಬಸ್ಸಿನಲ್ಲಿ ಬರುವಾಗ ಶಾಲು ವಾಪಸು ಕೊಟ್ಟುಬಿಡೋಣ, ಪೇಪರಿನವರನ್ನು ಕರೆಸೋಣ ಎಂದು ನಾನು ಕುದಿಯುತ್ತಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ನೂರಾಪಾ ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದಳು. "ಶಾಲ್ ಕೊಟ್ರ ಸಕೀನಾನ ಕೊಡಾ ತುಂಬ್ತದೇನು?" ಎಂದಳು. "ಉಣ್ಣೀದು ಅದ, ಇರ್ಲಿ. ನನಗ ನೀರು ಬೇಕು."

ಮುಂದಿನ ತಿಂಗಳು ಕಮಲಾಪುರದಲ್ಲಿ ಅಹವಾಲು ಕೇಳುವ ಸಭೆ ನಡೆಯಿತು. ಜಿಲ್ಲೆಯಿಂದ ಒಬ್ಬ ಹಿರಿಯ ಸಾಹೇಬರು ಬಂದಿದ್ದರು. ನೂರಾಪಾ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಕಾರಂಜಿ ಏಳುತ್ತಿರುವಾಗ ಒಣಗಿದ ನಳ, ಕಾರಂಜಿ ನಿಂತಾಗ ತುಂಬಿ ಬರುವ ನಳ. ಅಲ್ಲಿಯ ಎಂಜಿನಿಯರ್ ಸಾಹೇಬ ಫೋಟೋಗಳನ್ನು ಎತ್ತಿಯೂ ನೋಡಲಿಲ್ಲ. ಇದೊಂದು ದಿನದ್ದು, ಅದೊಂದು ದಿನದ್ದು, ಈಗಿನ ಕಾಲದಲ್ಲಿ ಕಂಪ್ಯೂಟರಿನಲ್ಲಿ ಒಂಟೆಗೂ ರೆಕ್ಕೆ ಹಚ್ಚುತ್ತಾರೆ, ಕಾರಂಜಿಯ ನೀರು ಅದರದ್ದೇ, ಓಣಿಯ ಲೈನಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದ. ಆಮೇಲೆ ಕುರ್ಚಿ ತಿರುಗಿಸಿ ಗೋಡೆಯ ಕಡೆ ಕೈ ತೋರಿದ.

"ಇದೂ ನೀವೇ ತಗದದ್ದಲ್ಲೇನ್ರಿ ಬಾಯಾರ? ಇದರಾಗ ನೀರು ಉಕ್ಕಿ ಹರೀಲಿಕತ್ತದ. ನಿಮ್ಮ ಯಾವ ಫೋಟೋ ನಂಬಬೇಕು ನಾವು?"

ಸಭೆ ನಕ್ಕಿತು. ಗೋಡೆಯ ಮೇಲೆ ಆಕೆಯ ಹಾಲಿನ ಪರದೆ, ಪಕ್ಕದಲ್ಲಿ ಕಟ್ಟು ಹಾಕಿಸಿದ ನನ್ನ ಸನ್ಮಾನಪತ್ರ. ನೂರಾಪಾ ಫೋಟೋಗಳನ್ನು ಬಳಿದುಕೊಂಡು ಎದ್ದಳು. ಹೊರಗೆ ಬಂದು ಬಾಳೆಹಣ್ಣಿನ ಗಾಡಿಯ ನೆರಳಿನಲ್ಲಿ ನನಗೆ ಬೆನ್ನು ಮಾಡಿ ನಿಂತಳು. ಅತ್ತಳೋ ಎಂದುಕೊಂಡೆ. ಅತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ಖರೇ ಕೇಳ್ಯಾನ ಅಂವ, ಸುಳ್ಳು ಹೇಳೂದು ನಾನೇ ಕಲಿಸಿಕೊಟ್ಟೀನಿ ಎಂದಳು. ಮುಂದಿನ ಸಭೆ ಎರಡು ತಿಂಗಳಿಗೆ ಎಂದು ಕಟ್ಟೆಯ ಮೇಲೆ ಕೂತವರನ್ನು ಕೇಳಿ ತಿಳಿದುಕೊಂಡಳು.

ಸ್ಟುಡಿಯೋಗೆ ಬಂದವಳೇ ಕಪಾಟು ತೆಗೆದು ಅಪ್ಪನ ಕ್ಯಾಮೆರಾ ಹೊರಗಿಟ್ಟಳು. ಕಪ್ಪು ಬಿಳುಪಿನ ರೀಲು ಈಗ ಕಲಬುರಗಿಯಲ್ಲಿ ಎಲ್ಲಿ ಸಿಗಬೇಕು? ಮುಂಬಯಿಯಿಂದ ಕೊರಿಯರ್‌ನಲ್ಲಿ ಒಂದೇ ಒಂದು ರೀಲು ತರಿಸಿದಳು. ಎರಡು ಏಕೆ ತರಿಸಲಿಲ್ಲ ಎಂದರೆ, ಎರಡಿದ್ದರೆ ಒಂದನ್ನು ಬಚ್ಚಿಟ್ಟಿದ್ದೀರಿ ಅಂತಾರೆ ಎಂದಳು. ಆಕೆಯ ತಲೆ ಹೇಗೆ ಓಡುತ್ತದೆ ನೋಡಿ.

ಸಭೆಯ ಹಿಂದಿನ ದಿನ ನೀರು ಬಿಡುವ ಪಾಳಿ ಇತ್ತು. ನಾಲ್ಕು ಗಂಟೆಗೆ ನಾವು ಸಕೀನಾಳ ಮನೆಯ ಮಾಳಿಗೆ ಏರಿದೆವು. ಅಲ್ಲಿಂದ ಒಂದೇ ನೋಟಕ್ಕೆ ಎರಡೂ ಕಾಣುತ್ತಿದ್ದವು, ಓಣಿಯ ಬಾಯಿಯಲ್ಲಿ ಸಾರ್ವಜನಿಕ ನಳ, ಅದರ ಹಿಂದೆ ಸರ್ಕಲ್ಲಿನ ಕಾರಂಜಿ. ಆದರೆ ಕಾರಂಜಿಯನ್ನು ಬೇಕಾದಾಗ ಬಿಟ್ಟು ಬೇಕಾದಾಗ ನಿಲ್ಲಿಸಬೇಕಲ್ಲ? ಅದರ ವಾಲ್ವಿನ ಚಕ್ರ ಇದ್ದದ್ದು ಮಾಪಣ್ಣನ ಕೈಯಲ್ಲಿ. ಮಾಪಣ್ಣ ಊರಿಗೆ ನೀರು ಬಿಡುವವ, ಗುತ್ತಿಗೆಯ ಕೆಲಸ, ಎರಡು ಮಾತು ಹೆಚ್ಚಿಗೆ ಆಡಿದರೆ ನಾಳೆ ಮನೆಗೆ. ನೂರಾಪಾ ಹೋಗಿ ಅವನ ಮುಂದೆ ನಿಂತು, ಸಾಕ್ಷಿ ಹೇಳು ಎನ್ನುವುದಿಲ್ಲ, ನಿನ್ನ ಹೆಸರೂ ಎತ್ತುವುದಿಲ್ಲ ಎಂದಳು. ಅವನು ಬೀಡಿ ಆರಿಸಿ ಸ್ವಲ್ಪ ಯೋಚಿಸಿದ.

"ನಾ ಏನೂ ಹೇಳಂಗಿಲ್ಲ ಆಪಾ," ಎಂದ. "ಬಿಡೂದು ಬಂದ್ ಮಾಡೂದು ನನ್ನ ಕೆಲಸ. ದಿನಾ ಎಷ್ಟು ಸಲ ಮಾಡಬೇಕಂತ ನನಗ ಯಾರೂ ಬರದುಕೊಟ್ಟಿಲ್ಲ."

ಅವತ್ತು ಮಾಪಣ್ಣ ಚಕ್ರವನ್ನು ಹದಿನೆಂಟು ಸಲ ತಿರುವಿದ. ಒಂಬತ್ತು ಸಲ ಬಿಟ್ಟ, ಒಂಬತ್ತು ಸಲ ನಿಲ್ಲಿಸಿದ. ಬಿಟ್ಟಾಗ ಕಾರಂಜಿ ಎದ್ದಿತು, ನಳ ಎರಡು ಸಲ ಕೆಮ್ಮಿ ಒಣಗಿತು. ನಿಲ್ಲಿಸಿದಾಗ ಕಾರಂಜಿ ಕುಸಿಯಿತು, ನಳ ಬುಸುಗುಟ್ಟಿ ಬಂತು. ನೂರಾಪಾ ಪ್ರತಿ ಸಲಕ್ಕೂ ಎರಡೇ ಫೋಟೋ ತೆಗೆದಳು. ಈ ಸಲ ಕ್ಯಾಮೆರಾದ ಬಾಯಿ ರೆಪ್ಪೆ ಬಡಿಯುವುದರೊಳಗೆ ಮುಚ್ಚಿತು, ಹನಿ ಹನಿಯಾಗಿಯೇ ಉಳಿಯಿತು, ಯಾವ ಹನಿಯೂ ಇನ್ನೊಂದಕ್ಕೆ ಅಂಟಲಿಲ್ಲ. ಕರೆಂಟಿನ ಕಂಬದ ನೆರಳೂ ಫೋಟೋದೊಳಗೆ ಬರುವಂತೆ ನೋಡಿಕೊಂಡಳು. ಮೊದಲನೆಯದರಲ್ಲಿ ನೆರಳು ಗಟಾರದ ಈಚೆ ಇತ್ತು, ಮೂವತ್ತಾರನೆಯದರಲ್ಲಿ ಸರ್ಕಲ್ಲಿನ ಅರ್ಧಕ್ಕೆ ಚಾಚಿತ್ತು. ಬೇರೆ ಬೇರೆ ದಿನದ್ದು ಎಂದು ಹೇಳಲು ಯಾವನಿಗೂ ಬಾಯಿ ಇರಬಾರದು ಎಂದು ಆಕೆ ಗೊಣಗುತ್ತಿದ್ದಳು.

ರೀಲನ್ನು ಕಲಬುರಗಿಗೆ ಒಯ್ದು, ಚಿತ್ರ ಮೂಡುವಂತೆ ಮದ್ದಿನಲ್ಲಿ ತೊಳೆದರೆ ಅಲ್ಲೇನೋ ಮಾಡಿದಿರಿ ಅಂತಾರೆ. ಓಣಿಯವರ ಕಣ್ಣೆದುರಿಗೇ ತೊಳೆಯಬೇಕು ಎಂದು ಆಕೆಯ ಹಟ. ಸಕೀನಾ ಜೋಳದ ಚೀಲ ಇಡುವ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲ ಸಂದಿಯಿಂದ ಬೆಳಕು ಬರದಂತೆ ತುರುಕಲು ದಪ್ಪ ಬಟ್ಟೆ ಬೇಕಾಯಿತು. ನೂರಾಪಾ ಚೀಲದಿಂದ ಸನ್ಮಾನದ ಶಾಲು ತೆಗೆದಳು. ನನ್ನ ಮುಖ ನೋಡಿ, ಹೇಳಿದ್ದೆ ಅಲ್ಲ, ಉಣ್ಣೀದು ಅದ ಎಂದಳು. ಕತ್ತಲೆಯಲ್ಲಿ ರೀಲನ್ನು ಬೆಳಕು ನುಗ್ಗದ ಡಬ್ಬಿಯೊಳಗೆ ಸುತ್ತಿ ಹೊರಗೆ ಬಂದು, ಅಂಗಳದಲ್ಲಿ ಎಲ್ಲರ ಮುಂದೆ ಒಂದರ ಹಿಂದೊಂದು ಮದ್ದು ಹಾಕಿದಳು. ಹಾಕಿದ ಮೇಲೆ ನಿಂತುಬಿಟ್ಟಳು.

ಮದ್ದನ್ನು ತೊಳೆದು ತೆಗೆಯಲು ನೀರು ಬೇಕು. ಸ್ಟುಡಿಯೋದಲ್ಲಾದರೆ ನಳದ ಕೆಳಗೆ ಇಟ್ಟುಬಿಡುವುದು. ಇಲ್ಲಿ ಮಾಪಣ್ಣನ ಹದಿನೆಂಟು ಸಲದ ಆಟದಲ್ಲಿ ನಳ ಮತ್ತೆ ಮತ್ತೆ ನಿಂತು ಎರಡು ತಾಸೂ ಹಾಳಾಗಿತ್ತು, ಒಬ್ಬೊಬ್ಬರಿಗೆ ಒಂದೊಂದು ಕೊಡ ಕೂಡ ಸಿಕ್ಕಿರಲಿಲ್ಲ. ಇನ್ನು ಮೂರು ದಿನ ಅಷ್ಟರಲ್ಲೇ ಕಳೆಯಬೇಕು. ಆ ನೀರನ್ನು ಹೇಗೆ ಕೇಳುವುದು? ಎಷ್ಟು ಬೇಕು ಎಂದು ಸಕೀನಾಳೇ ಕೇಳಿದಳು. ಹಾಕಿ ಚೆಲ್ಲಿ ಹಾಕಿ ಚೆಲ್ಲಿ ಮಾಡಿದರೆ ಹತ್ತು ಚೊಂಬಿನಲ್ಲಿ ಮುಗಿಸುತ್ತೇನೆ ಎಂದಳು ನೂರಾಪಾ. ಸಕೀನಾ ಒಳಗೆ ಹೋಗಿ ಒಂದು ಚೊಂಬು ತಂದಳು. ಪಕ್ಕದ ಮನೆಯವಳು ಒಂದು, ಎದುರಿನವಳು ಒಂದು. ಒಂಬತ್ತು ಚೊಂಬು ಬಂದವು, ಒಂಬತ್ತೂ ಖರ್ಚಾದವು.

ಕೊನೆಯ ಚೊಂಬು ಮಾತ್ರ ಬಹಳ ಶುದ್ಧ ಇರಬೇಕು, ಕಸದ ಒಂದು ಕಣ ಕೂತರೂ ರೀಲು ಒಣಗಿದಾಗ ಕಲೆ ಬೀಳುತ್ತದೆ ಎಂದು ನೂರಾಪಾ ಹೇಳಿದಳು. ಓಣಿಯಲ್ಲಿ ಅಂಥ ನೀರು ಇದ್ದದ್ದು ಒಬ್ಬರ ಮನೆಯಲ್ಲಿ. ಲಲಿತಾಬಾಯಿ, ಎಪ್ಪತ್ತೈದು ವರ್ಷದ ನಮ್ಮವರೇ, ಕಟ್ಟಾ ಮಡಿ. ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿದ ಅವರ ಮಡಿ ನೀರನ್ನು ಮನೆಯ ಸೊಸೆಯೂ ಮುಟ್ಟುವಂತಿಲ್ಲ. ಅಂಥವರು ತಾಮ್ರದ ತಂಬಿಗೆ ಹಿಡಿದುಕೊಂಡು ಮೂರು ಮೆಟ್ಟಿಲು ಇಳಿದು ಬಂದರು. ಈ ಮಡಿಯ ಮೇಲೆ ನನಗೆ ಮೊದಲಿಂದಲೂ ಸಿಟ್ಟು, ನಮ್ಮಮ್ಮನ ಜತೆ ಇದಕ್ಕಾಗಿ ನಾನು ಜಗಳಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಅವತ್ತು ನಾನು ಬಾಯಿ ಮುಚ್ಚಿಕೊಂಡು ನಿಂತೆ.

"ನನಗ ಮುಟ್ಟಬ್ಯಾಡ್ರಿ, ನಾ ಮ್ಯಾಲಿಂದ ಹಾಕ್ತೀನಿ," ಎಂದರು ಲಲಿತಾಬಾಯಿ. "ಡಬ್ಬಿ ಸರಿಯಾಗಿ ಹಿಡಿ ನೂರಜಹಾನ್. ನಾಳಿ ದೇವರಿಗಿ ಹಾಲಿನಾಗ ಅಭಿಷೇಕ ಮಾಡಿದ್ರಾತು."

ನೂರಾಪಾ ಡಬ್ಬಿ ಎತ್ತಿ ಹಿಡಿದಳು. ನೀರು ಒಂದು ಹನಿಯೂ ಆಚೀಚೆ ಚೆಲ್ಲದೆ ಒಳಗೆ ಬಿದ್ದಿತು. ಮೂವತ್ತಾರೂ ಬಂದಿದ್ದವು. ಸಕೀನಾಳ ಬಟ್ಟೆ ಒಣಗಿಸುವ ಹಗ್ಗಕ್ಕೆ ರೀಲನ್ನು ತೂಗುಹಾಕಿದೆವು. ಒಂದೂವರೆ ಮೀಟರ್ ಉದ್ದದ ಆ ಪಟ್ಟಿಯ ಸುತ್ತ ಓಣಿಯವರು ಮದುವೆ ಆಲ್ಬಮ್ ನೋಡುವಂತೆ ನೆರೆದು, ಇದು ನಾನು, ಅದು ನನ್ನ ಕೊಡ ಎಂದು ಗುರುತು ಹಿಡಿದರು.

ಮರುದಿನದ ಸಭೆಯಲ್ಲಿ ಅದೇ ಸಾಹೇಬರು, ಅದೇ ಎಂಜಿನಿಯರ್, ಗೋಡೆಯ ಮೇಲೆ ಅದೇ ಫೋಟೋ. ನೂರಾಪಾ ಜತೆಗೆ ಓಣಿಯ ಹೆಂಗಸರೆಲ್ಲ ಬಂದು ಹಿಂದೆ ನಿಂತಿದ್ದರು. ಆಕೆ ರೀಲನ್ನು ಬಿಚ್ಚಿ ಒಂದು ತುದಿಯನ್ನು ಸಾಹೇಬರ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು, ಭೂತಗನ್ನಡಿಯನ್ನೂ ಕೊಟ್ಟಳು. ಕಿಟಕಿಯ ಬೆಳಕಿಗೆ ಹಿಡಿದು ಸಾಹೇಬರು ಒಂದರಿಂದ ನೋಡುತ್ತ ಬಂದರು. ನೆಗೆಟಿವ್‌ನಲ್ಲಿ ನೀರು ಕಪ್ಪಗೆ ಕಾಣುತ್ತದೆ ಎಂದು ಆಕೆ ತಿಳಿಸಿ ಹೇಳಿದಳು. ಅಂಚಿನ ನಂಬರು ತೋರಿಸಿದಳು, ಕಂಬದ ನೆರಳು ತೋರಿಸಿದಳು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಸಾಹೇಬರ ಹುಬ್ಬು ಗಂಟಿಕ್ಕಿತ್ತು. ಇಪ್ಪತ್ತಕ್ಕೆ ಬಂದಾಗ ಅವರು ಎಂಜಿನಿಯರ್ ಕಡೆ ನೋಡಿದರು.

ಎಂಜಿನಿಯರ್ ಹಳೆಯ ಬಾಣವನ್ನೇ ತೆಗೆದ. ಈಕೆಯ ಯಾವ ಫೋಟೋ ನಂಬುವುದು ಸರ್ ಎಂದು ಗೋಡೆ ತೋರಿಸಿದ. ನೂರಾಪಾ ಇದಕ್ಕೇ ಕಾಯುತ್ತಿದ್ದಳು. ಧ್ವನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

"ಬೆರಳಿನಷ್ಟು ನೀರಿಗಿ ಪರದೆ ಮಾಡಿ ತೋರಿಸೀನಿ, ಅದು ನನ್ನ ಸುಳ್ಳು. ಎಲ್ಲಾರ ಮುಂದ ಒಪ್ಪಕೊಳ್ಳಾಕತ್ತೀನಿ. ಈಗ ನಿಮ್ಮ ಸುಳ್ಳು ನೀವು ಒಪ್ಪಕೋರಿ."

ಸಾಹೇಬರು ಕೆಮ್ಮಿ, ರೀಲನ್ನು ಅರ್ಜಿಗೆ ಲಗತ್ತಿಸಿ, ಪರಿಶೀಲಿಸೋಣ ಎಂದರು. ಗುಮಾಸ್ತ ರೀಲಿನ ಉದ್ದ ನೋಡಿ ತಬ್ಬಿಬ್ಬಾದ. ಕಡತದ ಲಕೋಟೆಯಲ್ಲಿ ಅದು ಹಿಡಿಸುವಂತಿರಲಿಲ್ಲ. ಆರಾರು ಫೋಟೋದ ತುಂಡು ಮಾಡಿಕೊಳ್ಳುತ್ತೇನೆ ಎಂದು ಡ್ರಾಯರಿನಿಂದ ಕತ್ತರಿ ತೆಗೆದ. ನೂರಾಪಾ ಮೇಜಿನ ಮೇಲೆ ಬಗ್ಗಿ ಅವನ ಮಣಿಕಟ್ಟು ಹಿಡಿದಳು. ಸರ್ಕಾರಿ ಕಚೇರಿಯಲ್ಲಿ, ಪರಗಂಡಸಿನ ಕೈ.

"ಕತ್ತರಿ ಹಚ್ಚಿದ್ರ ಮೂವತ್ತಾರು ಫೋಟೋ ಆಗ್ತಾವ," ಎಂದಳು. "ನಾಳೆ ಅದರಾಗ ಹತ್ತು ಕಳೀತಾವ. ಈಗ ಇದು ಒಂದೇ ಮಾತದ ಸಾಹೇಬ್ರ, ನಡುವ ಕತ್ತರಿಸಬ್ಯಾಡ್ರಿ. ಪರಿಶೀಲನಾ ಮಾಡೂದಿದ್ರ ಸರ್ಕಲ್ ಇಲ್ಲೇ ಅದ, ಈಗ ನಡೀರಿ."

ಹಿಂದೆ ನಿಂತ ಹೆಂಗಸರು ಬಾಗಿಲಿಗೆ ದಾರಿ ಬಿಟ್ಟು ಎರಡು ಬದಿ ಸರಿದು ನಿಂತರು. ಲಲಿತಾಬಾಯಿ ಕೂಡ, ಮೈಲಿಗೆಯಾದರೆ ಆಗಲಿ ಎಂದು ಎಲ್ಲರ ನಡುವೆ. ಸಾಹೇಬರಿಗೆ ಎದ್ದು ಬರದೆ ಬೇರೆ ದಾರಿ ಇರಲಿಲ್ಲ. ನೀರಿನ ಪಾಳಿ ಅವತ್ತಿರಲಿಲ್ಲ. ಸಾಹೇಬರೇ ಹೇಳಿ ಟ್ಯಾಂಕಿನಿಂದ ಓಣಿಯ ಲೈನಿಗೆ ನೀರು ಬಿಡಿಸಿದರು. ಸಕೀನಾ ನಳದ ಕೆಳಗೆ ಕೊಡ ಇಟ್ಟಳು, ಧಾರೆ ಬಿದ್ದಿತು. ಕಾರಂಜಿ ಬಿಡು ಎಂದು ಸಾಹೇಬರು ಕೂಗಿ ಹೇಳಿದರು. ಮಾಪಣ್ಣ ಯಾರ ಮುಖವನ್ನೂ ನೋಡದೆ ಚಕ್ರ ತಿರುವಿದ. ಕಾರಂಜಿ ಎದ್ದಿತು. ಸಕೀನಾಳ ಕೊಡ ಕುತ್ತಿಗೆಯವರೆಗೂ ತುಂಬಿರಲಿಲ್ಲ, ನಳ ಎರಡು ಸಲ ಕೆಮ್ಮಿ ನಿಂತುಹೋಯಿತು. ಸಾಹೇಬರು ಕೊಡದೊಳಗೆ ಇಣುಕಿ ನೋಡಿದರು. ಎಂಜಿನಿಯರ್ ಜೇಬಿನಲ್ಲಿ ಏನೋ ಹುಡುಕುತ್ತ ನಿಂತ, ಅದು ಅವನಿಗೆ ಕೊನೆಗೂ ಸಿಗಲಿಲ್ಲ.

ಅವತ್ತೇ ಮಧ್ಯಾಹ್ನ ನೆಲ ಅಗೆದು ಕಾರಂಜಿಯ ಪೈಪನ್ನು ಓಣಿಯ ಲೈನಿನಿಂದ ಕತ್ತರಿಸಿ ಬಾಯಿ ಮುಚ್ಚಿದರು. ನಳ ಮತ್ತೆ ಬಂತು. ನೂರಾಪಾ ಡಿಜಿಟಲ್ ಕ್ಯಾಮೆರಾ ಎತ್ತಿಕೊಂಡು ಬಗ್ಗಿದರೆ ಸಕೀನಾ, ಬಾಜೂ ಸರಿ ಆಪಾ, ಕೊಡಾ ಇಡಬೇಕು ಎಂದು ಗದರಿದಳು. ಆಕೆ ಸರಿದು ನಿಂತಳು. ಆ ಫೋಟೋ ತೆಗೆಯಲೇ ಇಲ್ಲ.

ಅಂದೇ ಸಂಜೆ ರೀಲನ್ನು ವಾಪಸು ಪಡೆಯಲು ಕಚೇರಿಗೆ ಹೋದಾಗ ಎಂಜಿನಿಯರ್ ಸ್ಟೂಲಿನ ಮೇಲೆ ನಿಂತು ಗೋಡೆಯ ಫೋಟೋವನ್ನು ಮೊಳೆಯಿಂದ ಬಿಡಿಸುತ್ತಿದ್ದ. ಅದನ್ನು ಬೀರುವಿನ ಹಿಂದೆ ಸರಿಸಿಬಿಟ್ಟರೆ ಎಲ್ಲ ಮುಗಿಯಿತು ಎಂದು ಅವನ ಲೆಕ್ಕ. ನೂರಾಪಾ ಹೋಗಿ ಚೌಕಟ್ಟಿನ ಇನ್ನೊಂದು ಅಂಚು ಹಿಡಿದಳು. ಇದು ಇಲ್ಲೇ ಇರಬೇಕು, ನನ್ನ ಫೋಟೋ, ಸಾಹೇಬರ ಮುಂದೆ ಹೇಳುತ್ತಿದ್ದೇನೆ, ತೆಗೆಯಬೇಡಿ ಎಂದಳು. ಸಾಹೇಬರು ಇನ್ನೂ ಅಲ್ಲೇ ಕೂತಿದ್ದರು, ಬೇಡ ಎನ್ನಲಿಲ್ಲ. ಆಕೆ ಮೊದಲು ಮೊಳೆಯಿಂದ ನನ್ನ ಸನ್ಮಾನಪತ್ರವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಗುಮಾಸ್ತನ ಮೇಜಿನಿಂದ ದಪ್ಪ ಕಪ್ಪು ಪೆನ್ನು ತಂದು ಅದನ್ನೂ ನನ್ನ ಕೈಗೇ ಕೊಟ್ಟಳು. ಆಕೆ ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಬರೆದರೆ ಅಕ್ಷರ ವಾಲುತ್ತವೆ ಎಂದು ನಾಚಿಕೆ.

"ನಾ ಹೇಳ್ತೀನಿ, ನೀ ಬರಿ ಮಂಜುಷಾ," ಎಂದಳು. "ಚಂದ ಮಾಡಬ್ಯಾಡ."

ನಾನು ಚಂದ ಮಾಡಲಿಲ್ಲ. ಆಕೆ ಹೇಳಿದ್ದನ್ನು ಹೇಳಿದಂತೆಯೇ, ಫೋಟೋದ ಕೆಳಗಿನ ಬಿಳಿ ಅಂಚಿನಲ್ಲಿ, ದೂರದಿಂದಲೂ ಓದಲು ಬರುವಂತೆ ದೊಡ್ಡದಾಗಿ ಬರೆದೆ. ಅದು ಇವತ್ತಿಗೂ ಎಂಜಿನಿಯರ್ ಕುರ್ಚಿಯ ನೆತ್ತಿಯ ಮೇಲೆಯೇ ತೂಗುತ್ತಿದೆ. ಅರ್ಜಿ ಹಿಡಿದು ಬಂದವರೆಲ್ಲ ಮೊದಲು ಅದನ್ನು ಓದುತ್ತಾರೆ, ಆಮೇಲೆ ಅವನ ಮುಖ ನೋಡುತ್ತಾರೆ.

'ಈ ಫೋಟೋ ತೆಗೆಯುವಾಗ ಹುಣಸೆಗಿಡದ ಓಣಿಯ ನಳದಲ್ಲಿ ನೀರು ಇರಲಿಲ್ಲ. ತೆಗೆದವಳು ನಾನು, ನೂರಜಹಾನ್.'